ಮೊದಲು ಓದಬೇಕಾದ ಗ್ರಂಥ ಯಾವುದು?

ಭಾದ್ರಪದ ಶುಕ್ಲ ಪಂಚಮಿಯಂದು ದಶಲಕ್ಷಣ ಪರ್ವ ಆರಂಭವಾಗುತ್ತದೆ. ಉತ್ತಮ ಕ್ಷಮೆಯಿಂದ ಉತ್ತಮ ಬ್ರಹ್ಮಚರ್ಯದವರೆಗೆ ಹತ್ತು ಧರ್ಮಗಳಿಗೆ ಹತ್ತು ದಿನ. ಅದೇ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ವಾಚನ ಮಾಡುವುದು ದಿಗಂಬರ ಬಸದಿಗಳಲ್ಲಿ ನಡೆದುಬಂದ ಕ್ರಮ. ಸಂಸ್ಕೃತದ ಪುಟ್ಟ ಪುಟ್ಟ ಸೂತ್ರಗಳು ಒಂದರ ಹಿಂದೊಂದು ಹರಿದುಬರುತ್ತವೆ. ಹಿರಿಯರು ಕಣ್ಣುಮುಚ್ಚಿ ಕೈಮುಗಿದು ಕೇಳುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ ಕಾಲೇಜಿನ ಮಕ್ಕಳೂ ಕೇಳುತ್ತಾರೆ. ಅರ್ಥ ತಿಳಿಯದಿದ್ದರೂ ಏನೋ ಮಹತ್ತರವಾದುದು ನಡೆಯುತ್ತಿದೆ ಎಂಬ ಭಾವ ಅವರಲ್ಲಿ ಮೂಡುತ್ತದೆ. ಪರ್ವ ಮುಗಿದ ಮೇಲೆ ಅವರಲ್ಲೊಬ್ಬರಾದರೂ ಬಸದಿಯ ಜಗಲಿಯಲ್ಲಿ ಹಿರಿಯರನ್ನು ಕೇಳುವುದುಂಟು: “ಇದನ್ನೆಲ್ಲ ನಾನೇ ಓದಿ ತಿಳಿಯಬೇಕೆಂದರೆ ಯಾವ ಗ್ರಂಥದಿಂದ ಪ್ರಾರಂಭಿಸಲಿ?”

ಉತ್ತರಗಳಿಗೇನೂ ಕೊರತೆಯಿರುವುದಿಲ್ಲ. ಸಮಯಸಾರವೇ ಸಾರವಾಗಿರುವಾಗ ಬೇರೆಯದೇಕೆ ಎನ್ನುತ್ತಾರೆ ಒಬ್ಬರು. ಗೊಮ್ಮಟಸಾರ ತಿಳಿಯದವನಿಗೆ ಕರ್ಮಸಿದ್ಧಾಂತ ತಿಳಿಯದು ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಮನೆಯ ಕಪಾಟಿನಿಂದ ತಾತನ ಕಾಲದ ದಪ್ಪ ವ್ಯಾಖ್ಯಾನವೊಂದನ್ನು ತೆಗೆದು, ಧೂಳು ಒರೆಸಿ, ಭಕ್ತಿಯಿಂದ ಕೈಗಿಡುತ್ತಾರೆ. ಮೂವರ ಸದ್ಭಾವದಲ್ಲಿಯೂ ಸಂಶಯವಿಲ್ಲ. ಆದರೆ ಆ ವಿದ್ಯಾರ್ಥಿನಿ ಮೊದಲ ಹತ್ತು ಪುಟಗಳಲ್ಲಿ ನಯ, ನಿಕ್ಷೇಪ, ಕ್ಷಯೋಪಶಮ, ಅವಧಿಜ್ಞಾನ ಎಂಬ ಶಬ್ದಗಳ ನಡುವೆ ಸಿಲುಕಿ, ಇದು ಕಬ್ಬಿಣದ ಕಡಲೆ ಎಂದು ಪುಸ್ತಕ ಮುಚ್ಚಿಬಿಟ್ಟರೆ? ಹಾಗೆ ಮುಚ್ಚಿದ ಪುಸ್ತಕವನ್ನು ಅನೇಕರು ಮತ್ತೆ ತೆರೆಯುವುದಿಲ್ಲ. ತತ್ತ್ವವೆಂಬುದು ಪಂಡಿತರ ಸೊತ್ತು, ತಮಗೆ ಪೂಜೆ ಉಪವಾಸಗಳೇ ಸಾಕು ಎಂಬ ನಿರ್ಣಯಕ್ಕೆ ಬಂದುಬಿಡುತ್ತಾರೆ. ಮಗ್ಗಿ ಬಾರದ ಮಗುವಿನ ಮುಂದೆ ಬೀಜಗಣಿತ ಹಿಡಿದ ತಪ್ಪು ಯಾರದು?

ಅರ್ಥವಾಗದೆ ಪುಸ್ತಕ ಮುಚ್ಚುವುದು ಒಂದು ಬಗೆಯ ನಷ್ಟ. ಅರ್ಥವಾಯಿತೆಂದು ಭಾವಿಸುವುದು ಅದಕ್ಕಿಂತ ದೊಡ್ಡ ಅಪಾಯ. ಅದಕ್ಕೆ ಜೈನ ಸಾಹಿತ್ಯದಲ್ಲಿಯೇ ಒಂದು ಪ್ರಾಮಾಣಿಕ ಸಾಕ್ಷ್ಯವಿದೆ. 1586ರಲ್ಲಿ ಜೌನಪುರದಲ್ಲಿ ಜನಿಸಿದ ಕವಿ ಬನಾರಸೀದಾಸನು ವೃತ್ತಿಯಿಂದ ವ್ಯಾಪಾರಿ. ತಾರುಣ್ಯದಲ್ಲಿ ತಾನೇ ಬರೆದ ಶೃಂಗಾರಕಾವ್ಯವನ್ನು ಪಶ್ಚಾತ್ತಾಪದಿಂದ ಗೋಮತೀ ನದಿಗೆ ಎಸೆದವನು. ಮುಂದೆ ಆಗ್ರಾದಲ್ಲಿದ್ದಾಗ ಪರಿಚಿತರೊಬ್ಬರು ಅವನಿಗೆ ಸಮಯಸಾರವನ್ನೂ ಅದಕ್ಕೆ ಪಂಡಿತ ರಾಜಮಲ್ಲನು ಬರೆದ ದೇಶಭಾಷೆಯ ಟೀಕೆಯನ್ನೂ ಓದಲು ಕೊಟ್ಟರು. ಆ ಟೀಕೆಯ ಹೆಸರು ‘ಬಾಲಬೋಧ’. ಹೆಸರೇನೋ ಮಕ್ಕಳಿಗೂ ತಿಳಿಯುವಂಥದೆಂದು ಹೇಳುತ್ತದೆ. ಮುಂದೆ ನಡೆದುದೇ ಬೇರೆ.

ಆತ್ಮವು ಸ್ವಭಾವತಃ ಶುದ್ಧ, ಕರ್ಮಕ್ಕೂ ಅದಕ್ಕೂ ನಿಶ್ಚಯದಲ್ಲಿ ಸಂಬಂಧವಿಲ್ಲ ಎಂಬ ಮಾತು ಬನಾರಸೀದಾಸನ ತಲೆಗೆ ಏರಿತು. ಹಾಗಿದ್ದರೆ ಜಪವೇಕೆ, ಸಾಮಾಯಿಕವೇಕೆ, ಪ್ರತಿಕ್ರಮಣವೇಕೆ? ಒಂದೊಂದಾಗಿ ಎಲ್ಲವನ್ನೂ ಬಿಟ್ಟ. ದೇವರಿಗೆ ಅರ್ಪಿಸಿದ ನೈವೇದ್ಯವನ್ನು ತಿನ್ನಲೂ ಹಿಂಜರಿಯಲಿಲ್ಲ. ಅವನೂ ಅವನ ಮೂವರು ಗೆಳೆಯರೂ ಕೋಣೆಯ ಬಾಗಿಲು ಹಾಕಿಕೊಂಡು, ಬಟ್ಟೆ ಕಳಚಿ, ತಾವೀಗ ಪರಿಗ್ರಹವಿಲ್ಲದ ಮುನಿಗಳಾದೆವೆಂದು ಸುತ್ತಾಡಿದರು. ಊರು ನಕ್ಕಿತು. ಕ್ರಿಯೆಯ ರಸವೂ ಹೋಯಿತು, ಆತ್ಮದ ಸ್ವಾದವೂ ದೊರೆಯಲಿಲ್ಲ. ಅತ್ತ ದಡವೂ ಇಲ್ಲ, ಇತ್ತ ದಡವೂ ಇಲ್ಲ. ಇದನ್ನೆಲ್ಲ ಅವನ ವಿರೋಧಿಗಳು ಹೇಳಿದ್ದಲ್ಲ. 1641ರಲ್ಲಿ ಅವನೇ ಬರೆದ ‘ಅರ್ಧಕಥಾನಕ’ ಎಂಬ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ.

ಸುಮಾರು ಹನ್ನೆರಡು ವರ್ಷಗಳ ಬಳಿಕ ಪಂಡಿತ ರೂಪಚಂದ ಎಂಬವರು ಆಗ್ರಾಕ್ಕೆ ಬಂದು ಗೊಮ್ಮಟಸಾರದ ಪ್ರವಚನ ಮಾಡಿದರು. ಹದಿನಾಲ್ಕು ಗುಣಸ್ಥಾನಗಳ ವಿವರಣೆ ಕೇಳಿದಾಗ ಬನಾರಸೀದಾಸನ ಕಣ್ಣು ತೆರೆಯಿತು. ಯಾವ ಮೆಟ್ಟಿಲಿನಲ್ಲಿ ನಿಂತ ಜೀವಕ್ಕೆ ಯಾವ ಆಚರಣೆ ಯೋಗ್ಯ, ಯಾವುದನ್ನು ಯಾವಾಗ ಬಿಡಬಹುದು ಎಂಬ ಲೆಕ್ಕ ಅಲ್ಲಿತ್ತು. ತಾನು ನಿಂತದ್ದು ಕೆಳಗಿನ ಮೆಟ್ಟಿಲಿನಲ್ಲಿ, ಆಡಿದ್ದು ಮೇಲಿನ ಮೆಟ್ಟಿಲಿನ ಮಾತು ಎಂದು ಅವನಿಗೆ ಮನವರಿಕೆಯಾಯಿತು. ಅನಂತರ 1636ರಲ್ಲಿ ಅವನು ರಚಿಸಿದ ‘ಸಮಯಸಾರ ನಾಟಕ’ ಇಂದಿಗೂ ಉತ್ತರ ಭಾರತದ ಜೈನರಲ್ಲಿ ಆದರದಿಂದ ಓದಲ್ಪಡುವ ಕೃತಿ. ಗ್ರಂಥ ಮೊದಲಿನದೇ, ಓದುಗನೂ ಅವನೇ. ನಡುವೆ ಒಬ್ಬ ಗುರುವೂ ಒಂದು ಕ್ರಮವೂ ಬಂದಿದ್ದವು. ಆ ಔಷಧ ಕನ್ನಡನಾಡಿನಿಂದ ಹೋದದ್ದೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಗೊಮ್ಮಟಸಾರವನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ್ದು ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ. 1359ರಲ್ಲಿ ಅದಕ್ಕೆ ಕೇಶವವರ್ಣಿಯು ಕನ್ನಡದಲ್ಲಿ ವೃತ್ತಿ ಬರೆದ.

ಹಾಗಾದರೆ ಕ್ರಮ ಯಾವುದು? ಆಚಾರ್ಯರು ಶ್ರುತವನ್ನು ನಾಲ್ಕು ಅನುಯೋಗಗಳಾಗಿ ವಿಭಾಗಿಸಿದ್ದಾರೆ. ಪುಣ್ಯಪುರುಷರ ಚರಿತೆಯನ್ನು ಹೇಳುವುದು ಪ್ರಥಮಾನುಯೋಗ. ಲೋಕವಿಭಾಗ, ಕಾಲಪರಿವರ್ತನೆ, ಗತಿಗಳ ಲೆಕ್ಕ ಕರಣಾನುಯೋಗ. ಗೃಹಸ್ಥರ ಮತ್ತು ಮುನಿಗಳ ಆಚಾರ ಚರಣಾನುಯೋಗ. ಜೀವಾದಿ ತತ್ತ್ವಗಳ ಸ್ವರೂಪ ದ್ರವ್ಯಾನುಯೋಗ. ಮೊದಲನೆಯದಕ್ಕೆ ‘ಪ್ರಥಮ’ ಎಂಬ ಹೆಸರೇಕೆ? ಗೊಮ್ಮಟಸಾರದ ವ್ಯಾಖ್ಯಾನ ಇದಕ್ಕೆ ಅರ್ಥ ಹೇಳುತ್ತದೆ: ಪ್ರಥಮನೆಂದರೆ ಇನ್ನೂ ವ್ರತವಿಲ್ಲದವನು, ಶಾಸ್ತ್ರದ ಪರಿಚಯವಿಲ್ಲದವನು; ಅವನನ್ನು ಉದ್ದೇಶಿಸಿ ಹೊರಟದ್ದೇ ಪ್ರಥಮಾನುಯೋಗ. ಹೊಸಬರಿಗೆ ಯಾವುದು ಮೊದಲು ಎಂಬ ಪ್ರಶ್ನೆಗೆ ಉತ್ತರ ಹೆಸರಿನಲ್ಲಿಯೇ ಅಡಗಿದೆ.

ಪುರಾಣವೆಂದರೆ ಅಜ್ಜಿಕಥೆ, ತತ್ತ್ವವೆಂದರೆ ಗಂಭೀರ ವಿಷಯ ಎಂದು ಎಣಿಸುವ ವಿದ್ಯಾವಂತರು ಇಂದು ಹೆಚ್ಚುತ್ತಿದ್ದಾರೆ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಹಾಗೆ ಎಣಿಸಿರಲಿಲ್ಲ. ಸಾವಿರ ಪ್ರತಿ ಬರೆಯಿಸಿ ಹಂಚಲು ಆ ಮಹಾತಾಯಿ ಆರಿಸಿಕೊಂಡದ್ದು ಪೊನ್ನನ ಶಾಂತಿಪುರಾಣವನ್ನು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ ಎಷ್ಟು ದಿನಗಳ ದುಡಿಮೆ! ಅಷ್ಟನ್ನೂ ಅವಳು ತೀರ್ಥಂಕರರೊಬ್ಬರ ಕಥೆಗಾಗಿ ವೆಚ್ಚ ಮಾಡಿದಳು. ಶ್ವೇತಾಂಬರ ಸಂಪ್ರದಾಯದಲ್ಲಿಯೂ ಪರ್ಯೂಷಣದ ದಿನಗಳಲ್ಲಿ ಜನಸಮೂಹದ ಮುಂದೆ ಓದುವುದು ಕಲ್ಪಸೂತ್ರವನ್ನು, ಅದರಲ್ಲಿ ಭಗವಾನ್ ಮಹಾವೀರರ ಜೀವನವನ್ನು.

ಕಥೆ ತತ್ತ್ವವನ್ನು ಹೇಗೆ ಕಲಿಸುತ್ತದೆ ಎಂಬುದಕ್ಕೆ ಜನ್ನನ ‘ಯಶೋಧರ ಚರಿತೆ’ ಸಾಕು. 1209ರಲ್ಲಿ ರಚಿತವಾದ ಈ ಕಾವ್ಯ ಗಾತ್ರದಲ್ಲಿ ಚಿಕ್ಕದು. ಹಳಗನ್ನಡ ಕಠಿನವೆನಿಸಿದರೆ ಹೊಸಗನ್ನಡದ ಗದ್ಯಾನುವಾದಗಳಿವೆ. ಯಶೋಧರ ರಾಜನಿಗೆ ದುಃಸ್ವಪ್ನದ ನೆಪ. ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡೆನ್ನುತ್ತಾಳೆ. ಕೊಲ್ಲಲಾರೆನೆಂದು ಮಗ ನಿರಾಕರಿಸುತ್ತಾನೆ. ಕೊನೆಗೆ ತಾಯಿಮಗ ಇಬ್ಬರೂ ಒಂದು ಸಂಧಾನಕ್ಕೆ ಬರುತ್ತಾರೆ: ನಿಜವಾದ ಕೋಳಿ ಬೇಡ, ಹಿಟ್ಟಿನ ಕೋಳಿ ಸಾಕು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು ಎನ್ನುತ್ತಾನೆ ಜನ್ನ. ಆ ಒಂದು ಏಟಿನ ಫಲವಾಗಿ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ.

ಇದನ್ನು ಓದಿದ ಯಾವ ಬುದ್ಧಿವಂತ ಬಾಲಕನೂ ಕೇಳದೆ ಬಿಡುವುದಿಲ್ಲ: ಹಿಟ್ಟಿಗೆ ಜೀವವಿಲ್ಲ, ರಕ್ತ ಹರಿಯಲಿಲ್ಲ, ಯಾರಿಗೂ ನೋವಾಗಲಿಲ್ಲ, ಇಷ್ಟು ಘೋರ ಫಲವೇಕೆ? ಪ್ರಶ್ನೆ ಹುಟ್ಟಿತೆಂದರೆ ದರ್ಶನಶಾಸ್ತ್ರದ ಬಾಗಿಲು ತೆರೆಯಿತೆಂದೇ ಅರ್ಥ. ಆಗ ಅವನಿಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೋರಿಸಬಹುದು. ಅಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣಕ್ಕಿಂತ ಮುಂಚೆ ಬರುವುದು ಪ್ರಮಾದದ ಮಾತು. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವನ್ನೂ ತೋರಿಸಬಹುದು. ರಾಗಾದಿ ಭಾವಗಳು ಏಳುವುದೇ ಹಿಂಸೆ, ಏಳದಿರುವುದೇ ಅಹಿಂಸೆ ಎಂದು ಅವರು ಪ್ರತಿಪಾದಿಸುತ್ತಾರೆ. ಎಚ್ಚರದಿಂದ ನಡೆದವನ ಕಾಲಡಿ ಜೀವಿಯೊಂದು ಆಕಸ್ಮಿಕವಾಗಿ ಸತ್ತರೂ ಅದು ಹಿಂಸೆಯಾಗದು. ಅಜಾಗರೂಕನು ಯಾರನ್ನೂ ಕೊಲ್ಲದಿದ್ದರೂ ಹಿಂಸೆಯ ಪಾಲುಗಾರ. ದ್ರವ್ಯಹಿಂಸೆ, ಭಾವಹಿಂಸೆ ಎಂಬ ಎರಡು ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಿಸಿದ್ದರೆ ಮರುದಿನ ಮರೆಯುತ್ತಿದ್ದ ಹುಡುಗ, ಹಿಟ್ಟಿನ ಕೋಳಿಯ ಕೂಗನ್ನು ಮರೆಯಲಾರ.

ವಡ್ಡಾರಾಧನೆಯ 19 ಕಥೆಗಳೂ ಇಂಥವೇ. ಆದರೆ ಅವು ಉಪಸರ್ಗಗಳನ್ನು ಸಹಿಸಿ ಸಮಾಧಿಮರಣ ಪಡೆದವರ ಕಥೆಗಳಾದುದರಿಂದ ಎಳೆಯ ಮಕ್ಕಳಿಗೆ ತುಸು ಉಗ್ರ. ಸಾಸುವೆಯ ಕಾಳು ತಗುಲಿದರೂ ನೋಯುತ್ತಿದ್ದ ಸುಕುಮಾರಸ್ವಾಮಿಯ ದೇಹವನ್ನು ನರಿ ತಿನ್ನುವ ಪ್ರಸಂಗವನ್ನು ಹಿರಿಯರೊಬ್ಬರು ಜೊತೆಯಲ್ಲಿ ಕುಳಿತು ಓದಿ ಹೇಳುವುದು ಮೇಲು. 1112ರಲ್ಲಿ ಮುಳುಗುಂದದ ನಯಸೇನನು ಬರೆದ ‘ಧರ್ಮಾಮೃತ’ ಹೊಸಬರಿಗೆ ಹೆಚ್ಚು ಸಲ್ಲುತ್ತದೆ. ಸಮ್ಯಕ್ತ್ವದ ಅಂಗಗಳಿಗೂ ವ್ರತಗಳಿಗೂ ಕಥೆಗಳನ್ನು ಹೊಂದಿಸಿದ ಗ್ರಂಥವದು. ಜನರಾಡುವ ಗಾದೆಗಳು, ಉಪಮೆಗಳು ಅದರ ತುಂಬ ಚೆಲ್ಲಿವೆ. ಕನ್ನಡಕ್ಕೆ ಅನಗತ್ಯ ಸಂಸ್ಕೃತವನ್ನು ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ನಯಸೇನ ಆಕ್ಷೇಪಿಸಿದ್ದು ಪ್ರಸಿದ್ಧ. ಈಗಿನ ಧಾರ್ಮಿಕ ಪುಸ್ತಕಗಳ ಲೇಖಕರು ಅದನ್ನು ಆಗಾಗ ನೆನೆದರೆ ಒಳಿತು. ಓದುಗನ ಭಾಷೆಯಲ್ಲಿ ಹೇಳದೆ ಪರಮಾರ್ಥವನ್ನು ತಿಳಿಸಲಾಗದು ಎಂಬುದನ್ನು ಸಮಯಸಾರದಲ್ಲಿ ಕುಂದಕುಂದಾಚಾರ್ಯರೇ ಒಪ್ಪಿದ್ದಾರಲ್ಲವೆ? ಅನ್ಯಭಾಷಿಕನಿಗೆ ಅವನ ಭಾಷೆಯಲ್ಲಿಯೇ ತಿಳಿಹೇಳಬೇಕಾಗುವಂತೆ, ನಿಶ್ಚಯವನ್ನು ತಿಳಿಸಲು ವ್ಯವಹಾರದ ಆಶ್ರಯ ಬೇಕೆಂಬುದು ಅವರ ದೃಷ್ಟಾಂತ.

ಕಥೆಯ ಬಳಿಕ ಕೈಗೆತ್ತಿಕೊಳ್ಳಬೇಕಾದುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ. 150 ಶ್ಲೋಕಗಳು, ದಿನಕ್ಕೆ ಎರಡರಂತೆ ಓದಿದರೂ ಎರಡೂವರೆ ತಿಂಗಳಲ್ಲಿ ಮುಗಿಯುತ್ತದೆ. ದೇವರು, ಶಾಸ್ತ್ರ, ಗುರು ಎಂದರೆ ಯಾರು, ಯಾವುದನ್ನು ನಂಬಬೇಕು, ಯಾವ ನಂಬಿಕೆ ಮೂಢತೆ ಎಂದು ಆರಂಭಿಸಿ, ಮನೆಯಲ್ಲಿದ್ದುಕೊಂಡೇ ಪಾಲಿಸಬಹುದಾದ ವ್ರತಗಳವರೆಗೆ ಅದು ಕೈಹಿಡಿದು ನಡೆಸುತ್ತದೆ. ಜಾತಿ, ಕುಲ, ಐಶ್ವರ್ಯಗಳ ಮದವನ್ನು ಅದು ಖಂಡಿಸುವ ರೀತಿ ಇಂದಿನ ಓದುಗರನ್ನು ಬೆರಗುಗೊಳಿಸುತ್ತದೆ. ಸಮ್ಯಗ್ದರ್ಶನವುಳ್ಳ ಚಾಂಡಾಲನೂ ಪೂಜ್ಯ, ಬೂದಿ ಮುಚ್ಚಿದ ಕೆಂಡದಂತೆ ಅವನೊಳಗೆ ತೇಜಸ್ಸಿದೆ ಎಂದು ಸಾರಿದ ಗ್ರಂಥವದು. ಅಹಿಂಸಾವ್ರತಕ್ಕೆ ಅದು ಹೆಸರಿಸುವ ಆದರ್ಶ ರಾಜನೂ ಅಲ್ಲ, ಶೆಟ್ಟಿಯೂ ಅಲ್ಲ, ಒಬ್ಬ ಮಾತಂಗ. ಜಿನಪೂಜೆಯ ಮಹಿಮೆಗೆ ಅದು ಕೊಡುವ ಉದಾಹರಣೆ ರಾಜಗೃಹದಲ್ಲಿ ಹೂವೊಂದನ್ನು ಕಚ್ಚಿಕೊಂಡು ಹೊರಟ ಕಪ್ಪೆ. ಮೂಲದಲ್ಲಿ ಈ ಕಥೆಗಳ ಹೆಸರು ಮಾತ್ರ ಬರುತ್ತದೆ. ಪ್ರಭಾಚಂದ್ರರ ಟೀಕೆಯಲ್ಲಿ ವಿಸ್ತಾರವಿದೆ. ಜೈನರಲ್ಲದ ಜಿಜ್ಞಾಸುಗಳಿಗೂ ಮೊದಲ ಶಾಸ್ತ್ರಗ್ರಂಥವಾಗಿ ಇದನ್ನೇ ಕೊಡುವುದು ಯುಕ್ತ.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚುವಂತಿಲ್ಲ. ಅದನ್ನು ಎತ್ತಿದವರು ಸಾಮಾನ್ಯರಲ್ಲ, ಅಮೃತಚಂದ್ರಾಚಾರ್ಯರು. ಮುನಿಧರ್ಮವನ್ನು ಮೊದಲು ಹೇಳದೆ ಗೃಹಸ್ಥಧರ್ಮವನ್ನೇ ಮೊದಲು ಉಪದೇಶಿಸುವ ಅಲ್ಪಮತಿಯು ದಂಡನಾರ್ಹನೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅವರು ಕಟುವಾಗಿಯೇ ನುಡಿದಿದ್ದಾರೆ. ಬಹುದೂರ ಹೋಗಬಲ್ಲ ಉತ್ಸಾಹವಿದ್ದ ಶಿಷ್ಯನು ಕೆಳಗಿನ ಠಾವಿನಲ್ಲಿಯೇ ತೃಪ್ತನಾಗಿ ವಂಚಿತನಾಗುತ್ತಾನೆ ಎಂಬುದು ಅವರ ಕಾರಣ. ಸುಲಭವಾದುದನ್ನೇ ಕೊಡುತ್ತ ಹೋಗುವವರಿಗೆ ಇದು ತಕ್ಕ ಎಚ್ಚರಿಕೆ. ನೀತಿಕಥೆಗಳ ಬಣ್ಣದ ಪುಸ್ತಕದಿಂದ ಆರಂಭಿಸಿ ಅಲ್ಲಿಗೇ ಮುಗಿಸಿದ ಮನೆಗಳು ಎಷ್ಟಿಲ್ಲ? ರಾತ್ರಿಭೋಜನ ಬಿಡು, ಗಾಳಿಸಿದ ನೀರು ಕುಡಿ ಎಂಬಷ್ಟನ್ನೇ ಧರ್ಮವೆಂದು ಕೇಳಿ ಬೆಳೆದ ತರುಣರು, ಏಕೆಂದು ಕೇಳಿದಾಗ ಉತ್ತರ ಸಿಗದೆ, ಬೆಂಗಳೂರಿಗೋ ಪುಣೆಗೋ ಉದ್ಯೋಗಕ್ಕೆ ಹೋದ ವರ್ಷವೇ ಎಲ್ಲವನ್ನೂ ಬಿಟ್ಟಿರುವುದು ಕಾಣುತ್ತದೆ. ಅವರಿಗೆ ಶಿಖರವನ್ನು ಯಾರೂ ತೋರಿಸಿರಲಿಲ್ಲ. ಆದುದರಿಂದ ಮೊದಲ ಗ್ರಂಥ ಸುಲಭವಾಗಿದ್ದರಷ್ಟೇ ಸಾಲದು. ಅದರಲ್ಲಿ ಗುರಿಯೂ ಕಾಣುತ್ತಿರಬೇಕು. ಯಶೋಧರನ ಕಥೆ ಕೊನೆಗೊಳ್ಳುವುದು ದೀಕ್ಷೆಯಲ್ಲಿ. ರತ್ನಕರಂಡಕ ಸಾಗುವುದು ಸಲ್ಲೇಖನದ ಕಡೆಗೆ. ಆ ಪುಟಗಳನ್ನು ಮಕ್ಕಳಿಗೆ ಬೇಡವೆಂದು ಹಾರಿಸಿ ಓದಿಸುವವರು ಅಮೃತಚಂದ್ರರ ಮಾತಿಗೆ ಗುರಿಯಾಗುತ್ತಾರೆ.

ಜಯಪುರದ ಪಂಡಿತ ಟೋಡರಮಲ್ಲರು ಹದಿನೆಂಟನೆಯ ಶತಮಾನದಲ್ಲಿ ‘ಮೋಕ್ಷಮಾರ್ಗ ಪ್ರಕಾಶಕ’ದ ಎಂಟನೆಯ ಅಧಿಕಾರವನ್ನೇ ಈ ಚರ್ಚೆಗೆ ಮೀಸಲಿಟ್ಟರು. ನಾಲ್ಕು ಅನುಯೋಗಗಳಿಗೂ ಅವುಗಳದೇ ಆದ ಉದ್ದೇಶವಿದೆ, ಒಂದನ್ನು ಹಿಡಿದು ಇನ್ನೊಂದನ್ನು ಹಳಿಯಬಾರದು, ಉಪದೇಶವನ್ನು ತನ್ನ ದೋಷಕ್ಕೆ ತಕ್ಕ ಔಷಧದಂತೆ ಆರಿಸಿಕೊಳ್ಳಬೇಕು ಎಂಬುದು ಅವರ ವಿವೇಚನೆಯ ತಿರುಳು. ಕ್ರಿಯಾಕಾಂಡದಲ್ಲಿಯೇ ಮುಳುಗಿದವನಿಗೆ ಅಧ್ಯಾತ್ಮಗ್ರಂಥ ಬೇಕು. ಆಚಾರವನ್ನೇ ಸಡಿಲಬಿಟ್ಟವನಿಗೆ ಅದೇ ಗ್ರಂಥ ಅಪಥ್ಯ. ಬನಾರಸೀದಾಸನಿಗೆ ಆದದ್ದು ಇದೇ.

ಮೂರನೆಯ ಗ್ರಂಥ ದ್ರವ್ಯಸಂಗ್ರಹ. ಇದೂ ನೇಮಿಚಂದ್ರರ ಹೆಸರಿನಲ್ಲಿಯೇ ಬಂದಿದೆ. ಪ್ರಾಕೃತದ 58 ಗಾಥೆಗಳಲ್ಲಿ ಆರು ದ್ರವ್ಯ, ಐದು ಅಸ್ತಿಕಾಯ, ಏಳು ತತ್ತ್ವ, ಒಂಬತ್ತು ಪದಾರ್ಥ, ಮೋಕ್ಷಮಾರ್ಗ ಎಲ್ಲವೂ ಅಡಕವಾಗಿವೆ. ಹೊಸಬರು ಇಲ್ಲಿ ಮೊದಲಿಗೆ ಎಡವುವುದು ‘ಧರ್ಮ’, ‘ಅಧರ್ಮ’ ಎಂಬ ದ್ರವ್ಯಗಳ ಹೆಸರಿನಲ್ಲಿ. ಪುಣ್ಯಪಾಪಗಳ ಅರ್ಥ ಇಲ್ಲಿಲ್ಲ. ಚಲನೆಗೆ ಸಹಕಾರಿಯಾದುದು ಧರ್ಮದ್ರವ್ಯ, ನಿಲುಗಡೆಗೆ ಸಹಕಾರಿಯಾದುದು ಅಧರ್ಮದ್ರವ್ಯ. ಆಚಾರ್ಯರು ಮೀನಿಗೆ ನೀರನ್ನೂ ದಾರಿಹೋಕನಿಗೆ ನೆರಳನ್ನೂ ಉದಾಹರಿಸುತ್ತಾರೆ. ನೀರು ಮೀನನ್ನು ತಳ್ಳುವುದಿಲ್ಲ. ಈಜುವ ಮೀನಿಗೆ ನೆರವಾಗುತ್ತದೆ. ನೆರಳು ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ, ನಿಲ್ಲಬಯಸುವವನಿಗೆ ಆಸರೆಯಾಗುತ್ತದೆ. ನಿಮಿತ್ತವೆಂದರೇನು ಎಂಬ ದೊಡ್ಡ ಪ್ರಶ್ನೆಗೆ ಇಷ್ಟು ಹಗುರಾದ ಪ್ರವೇಶ ಬೇರೆಡೆ ಅಪರೂಪ. ಕೊನೆಯ ಗಾಥೆಯಲ್ಲಿ ಆಚಾರ್ಯರು ತಮ್ಮನ್ನು ಅಲ್ಪಶ್ರುತನೆಂದು ಕರೆದುಕೊಂಡು, ಬಲ್ಲವರು ಈ ಗ್ರಂಥವನ್ನು ತಿದ್ದಲಿ ಎಂದು ಬೇಡಿಕೊಂಡಿದ್ದಾರೆ.

ಅನಂತರ ತತ್ತ್ವಾರ್ಥಸೂತ್ರ. ದಿಗಂಬರ ಪಾಠದಲ್ಲಿ 357 ಸೂತ್ರಗಳು, ಶ್ವೇತಾಂಬರ ಪಾಠದಲ್ಲಿ 344. ಎರಡೂ ಸಂಪ್ರದಾಯಗಳು ಒಪ್ಪಿದ ಗ್ರಂಥ. ಇದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಓಟದಲ್ಲಿ ಓದಹೊರಟವರು ಸಾಮಾನ್ಯವಾಗಿ ಮೂರನೆಯ ಅಧ್ಯಾಯದಲ್ಲಿ ನಿಲ್ಲುತ್ತಾರೆ. ನರಕಗಳು, ದ್ವೀಪಸಮುದ್ರಗಳು, ಪರ್ವತಗಳ ಅಳತೆ, ನಾಲ್ಕನೆಯದರಲ್ಲಿ ದೇವಲೋಕಗಳು. ಮೊದಲ ಓದಿನಲ್ಲಿ ಇವೆರಡನ್ನೂ ಬಿಟ್ಟು, ಮೊದಲನೆಯ ಅಧ್ಯಾಯದ ಆರಂಭದ ಸೂತ್ರಗಳಿಂದ ನೇರವಾಗಿ ವ್ರತಗಳನ್ನು ಹೇಳುವ ಏಳನೆಯದಕ್ಕೆ ಹೋಗಿ, ಆಮೇಲೆ ಆಸ್ರವದ ಆರಕ್ಕೂ ಬಂಧದ ಎಂಟಕ್ಕೂ ಬರುವುದರಲ್ಲಿ ದೋಷವಿಲ್ಲ. ಪಾರಾಯಣಕ್ಕೆ ಕ್ರಮ ಬೇಕು. ಕಲಿಕೆಗೆ ದಾರಿ ಬೇಕು. ಎರಡೂ ಒಂದೇ ಆಗಿರಬೇಕಿಲ್ಲ.

ಬಾಲಚಂದ್ರ ಮುನಿಗಳ ಕನ್ನಡ ವ್ಯಾಖ್ಯಾನದಲ್ಲಿ ಈ ಗ್ರಂಥದ ಹುಟ್ಟಿನ ಬಗ್ಗೆ ಸೊಗಸಾದ ಕಥೆಯಿದೆ. ಶಾಸ್ತ್ರ ರಚಿಸಬೇಕೆಂದು ಸಂಕಲ್ಪಿಸಿದ ಶ್ರಾವಕನೊಬ್ಬ ದರ್ಶನ, ಜ್ಞಾನ, ಚಾರಿತ್ರಗಳೇ ಮೋಕ್ಷಮಾರ್ಗ ಎಂಬರ್ಥದ ಮೊದಲ ಸೂತ್ರವನ್ನು ಮನೆಯಲ್ಲಿ ಬರೆದಿಟ್ಟಿದ್ದ. ಅವನಿಲ್ಲದಾಗ ಆಹಾರಕ್ಕೆ ಬಂದ ಮುನಿಗಳು ಅದರ ಮುಂದೆ ‘ಸಮ್ಯಕ್’ ಎಂಬ ಒಂದು ಪದವನ್ನು ಸೇರಿಸಿ ಹೊರಟುಹೋದರು. ತನ್ನ ಸೂತ್ರಕ್ಕೆ ಏನು ಕೊರತೆಯಿತ್ತೆಂದು ಶ್ರಾವಕನಿಗೆ ಹೊಳೆಯಿತು. ಅವನು ಅವರನ್ನು ಹುಡುಕಿಕೊಂಡು ಹೋದ. ಉಳಿದ ಗ್ರಂಥವನ್ನು ತಾವೇ ರಚಿಸಬೇಕೆಂದು ಪ್ರಾರ್ಥಿಸಿದ. ಪೂಜ್ಯಪಾದರ ಸರ್ವಾರ್ಥಸಿದ್ಧಿಯೂ ಆರಂಭವಾಗುವುದು ಪ್ರಶ್ನೆಯಿಂದಲೇ: ಆತ್ಮಕ್ಕೆ ಹಿತವಾದುದು ಯಾವುದೆಂದು ಭವ್ಯನೊಬ್ಬ ನಿರ್ಗ್ರಂಥ ಆಚಾರ್ಯರನ್ನು ವಿನಯದಿಂದ ಕೇಳುತ್ತಾನೆ.

ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಗಣಿಸಿ ಅದರ ಐದು ಭೇದಗಳನ್ನು ಹೇಳುವಾಗ ಸೂತ್ರಕಾರರು ವಾಚನದ ಹಿಂದೆಯೇ ಪೃಚ್ಛನೆಯನ್ನು, ಎಂದರೆ ಪ್ರಶ್ನಿಸುವುದನ್ನು, ಇಟ್ಟಿರುವುದು ಗಮನಾರ್ಹ. ಚಿಂತನೆ, ಪುನರಾವರ್ತನೆ, ಉಪದೇಶಗಳು ಅನಂತರದವು. ಒಬ್ಬರೇ ಕುಳಿತು ಓದುವವರು ಅರ್ಥವಾಗದ ಶಬ್ದದ ಪಕ್ಕದಲ್ಲಿ ಪೆನ್ಸಿಲಿನ ಗುರುತು ಹಾಕಿ, ಚತುರ್ದಶಿಯಂದೋ ರವಿವಾರವೋ ಬಸದಿಯಲ್ಲಿ ಬಲ್ಲವರನ್ನು ಕೇಳಿದರೆ ಸಾಕು. ಕೇಳಿದವರಿಗೆ ಉತ್ತರ ತಿಳಿಯದಿದ್ದರೆ ಅವರೂ ಗ್ರಂಥ ತೆರೆಯುತ್ತಾರೆ. ಹಿರಿಯರ ಸ್ವಾಧ್ಯಾಯವೂ ಹೀಗೆ ಮತ್ತೆ ಚಿಗುರುವುದುಂಟು. ಸಾಮಾಯಿಕದ ಬಳಿಕ ಅರ್ಧ ಗಂಟೆ, ಒಂದು ಸಲಕ್ಕೆ ಒಂದೇ ಗ್ರಂಥ, ಒಂದೇ ವ್ಯಾಖ್ಯಾನ. ನಾಲ್ಕಾರು ಟೀಕೆಗಳನ್ನು ಒಟ್ಟಿಗೆ ಹರಡಿಕೊಳ್ಳುವುದು ವಿದ್ವಾಂಸರಿಗೆ ಶೋಭೆ. ಸಮಯಸಾರದ 415 ಗಾಥೆಗಳು ಎಲ್ಲಿಗೂ ಹೋಗುವುದಿಲ್ಲ, ಕಾದಿರುತ್ತವೆ.

ಮುಂದಿನ ಭಾದ್ರಪದದಲ್ಲಿ, ಉತ್ತಮ ತಪದ ದಿನ, ಏಳನೆಯ ಅಧ್ಯಾಯದ ಸರದಿ ಬರುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳ ಸೂತ್ರ ಕಿವಿಗೆ ಬೀಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಶಕ್ತಿಮೀರಿ ಭಾರ ಹೇರುವುದು, ಅನ್ನನೀರನ್ನು ತಡೆಯುವುದು. ಹಿಂದಿನ ಸಾಲಿನಲ್ಲಿ ಕುಳಿತ ಆ ವಿದ್ಯಾರ್ಥಿನಿ ಈ ಸಲ ಆ ಶಬ್ದಗಳನ್ನು ಗುರುತಿಸುತ್ತಾಳೆ. ಭಾರ ಹೇರುವ ಮಾತು ಎತ್ತು ಕತ್ತೆಗಳಿಗಷ್ಟೇ ಸಲ್ಲುವುದೋ, ಮನೆಗೆಲಸಕ್ಕೆ ಬರುವ ಹೆಂಗಸಿಗೂ ಸಲ್ಲುವುದೋ ಎಂದು ಯೋಚಿಸುತ್ತ ಕುಳಿತಿರುವಾಗಲೇ ವಾಚಕರು ಮುಂದಿನ ಸೂತ್ರಕ್ಕೆ ಹೋಗಿರುತ್ತಾರೆ.